ಆರ್‌ಸಿ ಅಂದ್ರೆ ಯಾರು

ಕಾಗದದ ಎಡ ಅಂಚಿನಲ್ಲಿ ಎರಡೇ ಎರಡು ಇಂಗ್ಲಿಷ್ ಅಕ್ಷರ. ಅದಕ್ಕೆ ಮ್ಯಾನೇಜರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ. ಒಂದಲ್ಲ, ಎರಡಲ್ಲ, ಕಾಗದ ತೂತು ಬೀಳುವಷ್ಟು.

"ಓದು," ಅಂದ.

"ಆರ್, ಸಿ," ಅಂದ ಸ್ಪ್ಯಾನರ್.

ಹಿಂದಿನ ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರಿಂದ ಆ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅವನಿಗೆ ಅದೇ ಹೆಸರಾಗಿತ್ತು. ಎಂಟನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನು. ಪೈಪು, ಪಂಪು, ಮೋಟಾರು ಬಿಚ್ಚಿ ಜೋಡಿಸುತ್ತ ಜೋಡಿಸುತ್ತ ಕಂಪ್ಯೂಟರೂ ಕೈಗೆ ಹತ್ತಿತ್ತು. ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಮೌಸ್ ಹಿಡಿಯುವ ಪಾಪದವರೆಲ್ಲ ಇರುವಾಗ ಅವನು ಕಪ್ಪು ಪರದೆ ತೆರೆದು ಟಕಟಕ ಟೈಪ್ ಮಾಡುವವನು. ಆ ಟಕಟಕದಿಂದಲೇ ಅವನಿಗೊಂದು ಗತ್ತು. ಪರದೆ ಮೇಲೆ ಬರುವ ಇಂಗ್ಲಿಷನ್ನು ಅವನು ಎಷ್ಟು ನಿಧಾನ ಓದುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದ.

"ಆರ್‌ಸಿ ಅಂದ್ರೆ ಯಾರು?"

ಸ್ಪ್ಯಾನರ್ ಕಾಗದವನ್ನು ತಿರುಗಿಸಿ ನೋಡಿದ. ಕಂಟ್ರೋಲ್ ರೂಮಿನ ರಿಜಿಸ್ಟರಿನಲ್ಲಿ ಗಂಟೆಗೊಮ್ಮೆ ಮೀಟರ್ ನೋಡಿದವರು ಹೆಸರಿನ ಎರಡಕ್ಷರ ಬರೆಯಬೇಕು, ಅದೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಹಗಲು ಪಾಳಿಯಲ್ಲಿ ಪ್ರತಿ ಪುಟದಲ್ಲೂ ಇರುವುದು ಆರ್‌ಸಿ. ಅದು ಅವನ ಅಕ್ಕ.

"ಹೇಳಪ್ಪ. ನಾಲಿಗೆ ಮರಗಟ್ಟಿತಾ?"

"ಅಕ್ಕ ಸಾರ್. ಆದ್ರೆ ಈ ಕಾಗದ…"

"ಈ ಕಾಗದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕೇಳಿರೋದು. ಮೂರು ಗಂಟೆಗೆ ಬರ್ತಾರೆ. ಗ್ಯಾಸ್ ಅಲಾರಂ ನಡೆಸೋ ಕಂಪ್ಯೂಟರಿನಲ್ಲಿ ಇರೋ ಪ್ಯಾಕೇಜುಗಳ ಪಟ್ಟಿ ಬೇಕಂತೆ."

ಈ ಪ್ಯಾಕೇಜಿನ ಕಥೆ ಬೆಳಿಗ್ಗೆಯೇ ಕಾರ್ಖಾನೆಯೆಲ್ಲ ಸುತ್ತಾಡಿ ಬಂದಿತ್ತು. ಪತ್ರದಲ್ಲಿ ಪ್ಯಾಕೇಜು ಅಂತ ಓದಿದ ಕೂಡಲೇ ಈ ಮಹಾನುಭಾವ ಮೀನಿನ ಪೆಟ್ಟಿಗೆ ಎಣಿಸಲು ನಾಲ್ಕು ಜನರನ್ನು ಅಟ್ಟಿದ್ದ. ಏಳುನೂರ ಹನ್ನೆರಡು ಪ್ಯಾಕೇಜು ಅಂತ ಪಟ್ಟಿ ಮಾಡಿ ಕಳಿಸಿದ್ದಕ್ಕೆ ಇನ್‌ಸ್ಪೆಕ್ಟರ್ ಫೋನು ಮಾಡಿ, ಸ್ವಾಮಿ ಮೀನಲ್ಲ, ಸಾಫ್ಟ್‌ವೇರ್ ಅಂತ ಹೇಳಿ, ಯಾವ ಕಮಾಂಡ್ ಹೊಡೆಯಬೇಕು ಅಂತಲೂ ಬರೆಸಿದ್ದರು: ಡಿ-ಪಿ-ಕೆ-ಜಿ, ಒಂದು ಜಾಗ ಬಿಟ್ಟು ಅಡ್ಡಗೀಟು, ಎಲ್. ಮ್ಯಾನೇಜರ್ ತಾನೇ ಕೂತು ಹೊಡೆದು ನಲವತ್ತು ಹಾಳೆ ಪ್ರಿಂಟು ತೆಗೆದಿದ್ದ. ಒಂದೊಂದು ಸಾಲಿಗೆ ಒಂದೊಂದು ಸಾಫ್ಟ್‌ವೇರು. ಪ್ರತಿ ಸಾಲಿನ ಮೊದಲಿಗೆ ಎರಡಕ್ಷರ, ಆಮೇಲೆ ಹೆಸರು.

"ನೋಡು. ಎಲ್ಲಾ ಸಾಲಿಗೂ ಐ, ಐ. ಅದು ಹಾಕಿಕೊಟ್ಟ ಇಂಜಿನಿಯರ್‌ದು. ಈ ಒಂದೇ ಒಂದು ಸಾಲಿಗೆ ನಿಮ್ಮಕ್ಕನ ಸಹಿ. ಅದೂ ಎಲ್ಲಿ? ಗ್ಯಾಸ್ ಅಲಾರಂ ಮೇಲೆ! ನಿಮ್ಮಕ್ಕ ಅದಕ್ಕೆ ಕೈ ಹಾಕಿದ್ದಾಳೆ. ಏನು ಮಾಡಿದೆ ಅಂದ್ರೆ, ನಂಗೊತ್ತಿಲ್ಲ ಸಾರ್ ಅಂತ ಕಣ್ಣು ಬಿಡ್ತಾಳೆ."

ಸ್ಪ್ಯಾನರಿಗೆ ನಗು ಬರಬೇಕಿತ್ತು. ಕಂಪ್ಯೂಟರು ಯಾರ ಸಹಿಯನ್ನೂ ಹಾಕುವುದಿಲ್ಲ ಅಂತ ಅವನಿಗೆ ಗೊತ್ತು. ಆದರೆ ಆ ಎರಡಕ್ಷರ ಏನು ಅಂತ ಅವನಿಗೂ ಗೊತ್ತಿರಲಿಲ್ಲ. ನೂರು ಸಲ ಆ ಪಟ್ಟಿ ತೆಗೆದಿದ್ದಾನೆ; ಕಣ್ಣು ನೇರ ಹೆಸರಿನ ಮೇಲೆ ಹೋಗುತ್ತಿತ್ತೇ ಹೊರತು ಅಂಚಿನ ಮೇಲೆ ನಿಲ್ಲುತ್ತಿರಲಿಲ್ಲ.

"ಅಕ್ಕ ಎಲ್ಲಿ ಸಾರ್ ಈಗ?"

"ಮೂರನೇ ರೂಮಿಗೆ ಹಾಕಿದ್ದೀನಿ, ಪ್ಯಾಕಿಂಗಿಗೆ. ಇನ್‌ಸ್ಪೆಕ್ಟರ್ ಬಂದಾಗ ಕರೆಸ್ತೀನಿ, ಅವರ ಮುಂದೇನೇ ಹೇಳಲಿ. ನಂದಲ್ಲ ಈ ತಲೆನೋವು. ಪೊಲೀಸಿಗೆ ಕೊಡ್ತಾರೋ, ಏನು ಮಾಡ್ತಾರೋ. ನೀನು ಅಷ್ಟರಲ್ಲಿ ಅದೇನು ಕೆಟ್ಟಿದೆ ನೋಡು."

ಸ್ಪ್ಯಾನರ್ ಕಂಪ್ಯೂಟರಿನ ಕಡೆ ತಿರುಗಿದ. ಕುರ್ಚಿ ಎಳೆದು ಕೂತ. ಮ್ಯಾನೇಜರ್ ಕಿಟಕಿ ಹತ್ತಿರ ನಿಂತು ಫೋನು ಹಚ್ಚಿದ.

ಸ್ಪ್ಯಾನರ್ ಅದೇ ಕಮಾಂಡ್ ಹೊಡೆದ. ಸಾಲುಗಳು ಜರ್ರನೆ ಮೇಲಕ್ಕೆ ಓಡಿದವು. ಈ ಸಲ ಅವನು ಪಟ್ಟಿಯ ತಲೆಗೆ ಹೋದ. ಅಲ್ಲಿ ಮೂರು ಸಾಲು ಸಣ್ಣ ವಿವರಣೆ ಇತ್ತು. ಯಾವತ್ತೂ ಓದಿದವನಲ್ಲ. ಮ್ಯಾನೇಜರ್ ಅದನ್ನು ಕಸ ಅಂತ ಹರಿದು ಬುಟ್ಟಿಗೆ ಹಾಕಿದ್ದನೋ ಏನೋ, ಪ್ರಿಂಟಿನಲ್ಲಿ ಇರಲಿಲ್ಲ. ತುಟಿ ಅಲ್ಲಾಡಿಸದೆ, ಗಂಟಲೊಳಗೇ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಮೊದಲನೇ ಅಕ್ಷರ: ಈ ಪ್ಯಾಕೇಜಿಗೆ ಏನಾಗಲಿ ಅಂತ ಹೇಳಲಾಗಿದೆ. ಎರಡನೇ ಅಕ್ಷರ: ಅದು ಈಗ ಹೇಗಿದೆ. ಐ ಅಂದರೆ ಹಾಕು. ಆರ್ ಅಂದರೆ ತೆಗೆ. ಎರಡನೇ ಜಾಗದ ಐ ಅಂದರೆ ಇದೆ, ಸರಿಯಾಗಿದೆ. ಸಿ ಅಂದರೆ…

ಸಿ ಅಂದರೆ ಪ್ರೋಗ್ರಾಂ ಇಲ್ಲ. ಅದರ ಸೆಟ್ಟಿಂಗ್ ಫೈಲು ಮಾತ್ರ ಉಳಿದಿದೆ.

ಇನ್ನೊಂದು ಸಲ ಓದಿದ. ತಪ್ಪು ಓದಿರಲಿ ಅಂತ ಬೇಡಿಕೊಂಡು ಓದಿದ. ನಂಬಲಾರದೆ ಇನ್ನೊಂದು ಕಮಾಂಡ್ ಹೊಡೆದ, ಅದೇ ಡಿ-ಪಿ-ಕೆ-ಜಿ, ಎಲ್ ಬದಲಿಗೆ ಎಸ್, ಮುಂದೆ ಅಲಾರಂ ಪ್ರೋಗ್ರಾಮಿನ ಹೆಸರು. ಒಂದೇ ಪ್ಯಾಕೇಜಿನ ಪೂರ್ತಿ ಜಾತಕ ಬಂತು. ಸ್ಥಿತಿ ಅಂತ ಇದ್ದ ಸಾಲಿನಲ್ಲಿ ಅದೇ ಮಾತು ಉದ್ದವಾಗಿ ಬರೆದಿತ್ತು: ತೆಗೆದುಹಾಕಲಾಗಿದೆ, ಸೆಟ್ಟಿಂಗ್ ಫೈಲು ಉಳಿದಿದೆ.

ಯಾರೂ ಅದನ್ನು ಕೆಡಿಸಿರಲಿಲ್ಲ. ಅದು ಇರಲೇ ಇಲ್ಲ.

ಆ ಕಾರ್ಖಾನೆಯಲ್ಲಿ ಸೈರನ್ನಿಗೆ ಬೇರೆ ಪೆಟ್ಟಿಗೆ ಇತ್ತು ಒಂದು ಕಾಲದಲ್ಲಿ. ಕೆಟ್ಟಿತು. ರಿಪೇರಿ ಯಾಕೆ, ಕಂಪ್ಯೂಟರೇ ಇದೆಯಲ್ಲ ಅಂತ ಯಾವನೋ ಬುದ್ಧಿವಂತ ಹೇಳಿದ. ಅವತ್ತಿನಿಂದ ರೂಮುಗಳ ಗ್ಯಾಸ್ ಮೀಟರಿನ ತಂತಿ ಬಂದು ಸೇರುವುದು ಈ ಕಂಪ್ಯೂಟರಿಗೆ; ರೂಮು ತಣ್ಣಗಿಡುವ ಅಮೋನಿಯಾ ಸೋರಿ ಜಾಸ್ತಿಯಾದರೆ ಕೂಗುವುದೂ ಇದೇ, ಛಾವಣಿ ಮೇಲಿನ ಸ್ಪೀಕರಿನಲ್ಲಿ. ಕಂಪ್ಯೂಟರು ಮೂಕವಾದರೆ ಇಡೀ ಕಾರ್ಖಾನೆಯೇ ಮೂಕ.

ಯಾವತ್ತು ತೆಗೆದದ್ದು? ಅದಕ್ಕೂ ಒಂದು ಫೈಲು ಇದೆ. ಏನು ಹಾಕಿದರು, ಏನು ತೆಗೆದರು, ಯಾವಾಗ, ಯಾರು, ಎಲ್ಲ ಬರೆದಿಡುತ್ತದೆ. ತೆರೆದ. ಕೆಳಗಿನಿಂದ ಮೇಲಕ್ಕೆ ಬಂದ. ಹತ್ತೊಂಬತ್ತು ದಿನದ ಹಿಂದೆ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ತೆಗೆದದ್ದು: ಹಾಡು ಕೇಳುವ ಪ್ರೋಗ್ರಾಂ, ಅದರ ಜೊತೆಗೆ ಧ್ವನಿಯ ಮೂರು ಪ್ಯಾಕೇಜು, ಅದರ ಬಾಲ ಹಿಡಿದು, ಆ ಧ್ವನಿಯಿಂದಲೇ ಕೂಗುವ ಗ್ಯಾಸ್ ಅಲಾರಂ. ಹೇಳಿದವರು: ಸ್ಪ್ಯಾನರ್.

ಅವನ ಲಾಗಿನ್. ಅವನೇ ಠೀವಿಯಿಂದ ಇಟ್ಟುಕೊಂಡಿದ್ದ ಹೆಸರು.

ಆ ದಿನ ನೆನಪಾಯಿತು. ಕಂಟ್ರೋಲ್ ರೂಮಿನಲ್ಲಿ ಅಕ್ಕ ಸಣ್ಣ ದನಿಯಲ್ಲಿ ಹಾಡು ಹಾಕಿಕೊಂಡಿದ್ದಳು. ಮ್ಯಾನೇಜರ್ ಬಂದು, "ಇದೇನು ಮದುವೆ ಮನೆನಾ? ಲೋ, ಆ ಹಾಡಿನ ದರಿದ್ರ ಕಿತ್ತಾಕು, ಬೇರು ಸಮೇತ," ಅಂದಿದ್ದ. ಬೆನ್ನ ಹಿಂದೆಯೇ ನಿಂತಿದ್ದ, ಅವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಸ್ಪ್ಯಾನರ್ ಬೇರು ಸಮೇತವೇ ಕಿತ್ತ. ಆಗ ಪರದೆ ಮೇಲೆ ಒಂದು ಗಂಟು ಇಂಗ್ಲಿಷ್ ಬಂದಿತ್ತು. ಇದನ್ನು ತೆಗೆದರೆ ಇವೂ ಹೋಗುತ್ತವೆ, ಮುಂದುವರಿಯಲಾ, ಅಂತ ಕೇಳಿತ್ತು. ಓದಲು ಎರಡು ನಿಮಿಷ ಬೇಕಾಗಿತ್ತು ಅವನಿಗೆ. ಬೆನ್ನ ಹಿಂದೆ ಮ್ಯಾನೇಜರನ್ನು ನಿಲ್ಲಿಸಿಕೊಂಡು ಎರಡು ನಿಮಿಷ ಅಕ್ಷರ ಕೂಡಿಸುತ್ತ ಕೂರಬೇಕಿತ್ತು. ಅದರ ಬದಲು ಎಲ್ಲಾ ಓದಿದವನ ಹಾಗೆ ತಲೆಯಾಡಿಸಿ, ಹೌದು ಅನ್ನುವ ವೈ ಒತ್ತಿದ್ದ.

"ಏನು ಸಿಕ್ತಾ?" ಫೋನಿಗೆ ಕೈ ಅಡ್ಡ ಇಟ್ಟು ಮ್ಯಾನೇಜರ್ ಕೇಳಿದ.

ಸ್ಪ್ಯಾನರ್ ಫೈಲು ಮುಚ್ಚಿದ. ಮುಚ್ಚಿದ್ದು ಅವನಲ್ಲ, ಅವನ ಕೈ. "ನೋಡ್ತಾ ಇದ್ದೀನಿ ಸಾರ್," ಅಂದ.

ಮ್ಯಾನೇಜರ್ ಮತ್ತೆ ಕಿಟಕಿಯ ಕಡೆ ತಿರುಗಿದ. ಸ್ಪ್ಯಾನರ್ ಅವನ ಬೆನ್ನನ್ನೇ ನೋಡುತ್ತ ಕೂತ. ಈ ಮ್ಯಾನೇಜರಿಗೆ ಪಟ್ಟಿ ಓದಲು ಬರುವುದಿಲ್ಲ. ಇನ್‌ಸ್ಪೆಕ್ಟರಿಗೂ ಈ ಫೈಲು ಎಲ್ಲಿದೆ ಅಂತ ಗೊತ್ತಿರಲಿಕ್ಕಿಲ್ಲ. ಸುಮ್ಮನಿದ್ದುಬಿಟ್ಟರೆ? ಅಕ್ಕನಿಗೆ ನಾಲ್ಕು ಬೈಗುಳ ಬೀಳುತ್ತದೆ, ಅಷ್ಟೇ ತಾನೇ. ಅಷ್ಟೇ ಅಲ್ಲ ಅಂತಲೂ ಗೊತ್ತಿತ್ತು. ಆದರೂ ಆ ಯೋಚನೆ ಬಂತು. ಬಂದದ್ದು ಬಂತು, ಒಂದು ನಿಮಿಷ ಕೂತು ಕಾಲು ಚಾಚಿಕೊಂಡಿತು.

ಕೈಗೆ ಏನಾದರೂ ಕೆಲಸ ಬೇಕು ಅಂತ ಉಳಿದಿದ್ದ ಸೆಟ್ಟಿಂಗ್ ಫೈಲು ತೆರೆದ. ಎಲ್ಲ ಹಾಗೇ ಇತ್ತು. ಮನೆಯವರು ಖಾಲಿ ಮಾಡಿ ಹೋದ ಮೇಲೂ ಗೋಡೆಯಲ್ಲಿ ಉಳಿಯುವ ಮೊಳೆಗಳ ಹಾಗೆ. ಯಾವ ರೂಮು, ಯಾವ ಮೀಟರು, ಎಷ್ಟಾದರೆ ಕೂಗಬೇಕು. ಮಿತಿ: ಇಪ್ಪತ್ತೈದು.

ಇಪ್ಪತ್ತೈದು. ತಲೆಯೆತ್ತಿ ಗೋಡೆ ನೋಡಿದ. ಅಲ್ಲಿ ಮೂರೂ ರೂಮಿನ ಮೀಟರಿನ ಡಬ್ಬಿ. ಕೆಳಗೆ ಹಸಿರು ದೀಪ ಶಾಂತವಾಗಿ ಉರಿಯುತ್ತಿತ್ತು. ಕರೆಂಟು ಇದೆ ಅಂತ ಮಾತ್ರ ಹೇಳುವ ದೀಪ. ಎಲ್ಲರೂ ಅದನ್ನೇ ಕ್ಷೇಮ ಸಮಾಚಾರ ಅಂದುಕೊಂಡಿದ್ದರು. ಒಂದನೇ ರೂಮು ಆರು. ಎರಡನೆಯದು ನಾಲ್ಕು. ಮೂರನೆಯದು ನಲವತ್ತೊಂದು.

"ಸಾರ್. ಮೂರನೇ ರೂಮು."

"ಅದು ಇದ್ದದ್ದೇ ಕಣೋ. ಅಲ್ಲಿ ಯಾವಾಗ್ಲೂ ಸ್ವಲ್ಪ ವಾಸನೆ. ಸೈರನ್ ಆಗಿಲ್ವಲ್ಲ?"

"ಸೈರನ್ ಹೇಗಾಗುತ್ತೆ ಸಾರ್, ಸೈರನ್ನೇ ಇಲ್ಲ!"

"ಅದೇ ಹೇಳ್ತಾ ಇರೋದು ನಾನು, ನಿಮ್ಮಕ್ಕ…"

ಡಬ್ಬಿ ನಲವತ್ತನಾಲ್ಕು ತೋರಿಸಿತು. ಸ್ಪ್ಯಾನರ್ ಓಡಿದ.

ಮೆಟ್ಟಿಲು ಇಳಿದದ್ದು ಗೊತ್ತಾಗಲಿಲ್ಲ. ಮೀನಿನ ನೀರು ಹರಿದು ನುಣುಪಾದ ಓಣಿಯಲ್ಲಿ ಎರಡು ಸಲ ಜಾರಿದ. ಮೂರನೇ ರೂಮಿನ ದಪ್ಪ ಬಾಗಿಲು ಎಳೆದಾಗ ಚಳಿಯ ಜೊತೆ ವಾಸನೆ ಬಂದು ಕಣ್ಣಿಗೆ ಕುಕ್ಕಿತು. ಒಳಗೆ ಹನ್ನೆರಡು ಹೆಂಗಸರು, ಉದ್ದ ಮೇಜಿನ ಎರಡೂ ಕಡೆ, ಸ್ವೆಟರಿನ ಮೇಲೆ ಏಪ್ರನ್ನು, ಬಾಯಿಗೆ ಬಟ್ಟೆ. ಮೇಜಿನ ಆ ತುದಿಯಲ್ಲಿ ಅಕ್ಕ. ಅಭ್ಯಾಸವಿಲ್ಲದ ಕೈ, ಒಂದು ಪೆಟ್ಟಿಗೆಗೆ ಅಂಟು ಪಟ್ಟಿ ಹಚ್ಚಲು ಒದ್ದಾಡುತ್ತಿದ್ದಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲೇ ಗ್ಯಾಸಿನ ಪೈಪು, ಹಿಮ ಹೆಪ್ಪುಗಟ್ಟಿ ಬೆಳ್ಳಗೆ. ಒಂದು ಜಾಯಿಂಟಿನ ಹತ್ತಿರ ಹಿಮ ಇರಲಿಲ್ಲ.

"ಎಲ್ಲಾ ಹೊರಗೆ ಬನ್ನಿ! ಗ್ಯಾಸು!"

ಹನ್ನೆರಡು ತಲೆ ತಿರುಗಿದವು. ಒಂದು ಕಾಲೂ ಅಲ್ಲಾಡಲಿಲ್ಲ.

ಮೇಜಿನ ಯಜಮಾನಿಕೆ ದೊಡ್ಡಮ್ಮನದು. ಎಲ್ಲರಿಗೂ ಅವಳು ದೊಡ್ಡಮ್ಮ, ಇಪ್ಪತ್ತು ವರ್ಷದಿಂದ ಅದೇ ಮೇಜು. "ಬಾಗಿಲು ಹಾಕೋ, ಚಳಿ ಹೋಗುತ್ತೆ," ಅಂದಳು. "ಗ್ಯಾಸಂತೆ. ಸೈರನ್ ಎಲ್ಲೋ?"

"ಸೈರನ್ ಆಗಲ್ಲ ದೊಡ್ಡಮ್ಮ, ದಯವಿಟ್ಟು ಬನ್ನಿ, ಕಣ್ಣು ಉರೀತಾ ಇಲ್ವಾ ನಿಮಗೆ?"

"ಕಣ್ಣು ದಿನಾ ಉರಿಯುತ್ತೆ. ಉರಿದಾಗೆಲ್ಲ ಎದ್ದು ಹೋಗಕ್ಕೆ ಇದೇನು ನಮ್ಮಪ್ಪನ ಮನೆನಾ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಹೆದರಿಕೆ. ಹೋದ ವರ್ಷ ಹೀಗೇ ವಾಸನೆ ಅಂತ ಎಲ್ಲರೂ ಹೊರಗೆ ಓಡಿದ್ದರು. ಏನೂ ಆಗಿರಲಿಲ್ಲ. ಅವತ್ತು ಮ್ಯಾನೇಜರ್ ಬಾಗಿಲ ಮೇಲೆ ಬೋರ್ಡು ಹಾಕಿಸಿದ: ಸೈರನ್ ಆದರೆ ಮಾತ್ರ ಹೊರಗೆ, ಸೈರನ್ ಇಲ್ಲದೆ ದಾಟಿದವರು ನಾಳೆಯಿಂದ ಬರುವುದು ಬೇಡ. ಇಬ್ಬರನ್ನು ಹಾಗೆ ಕಳಿಸಿಯೂ ಆಗಿತ್ತು. ಆಮೇಲೆ ಈ ಹೆಂಗಸರು ಮೂಗು ನಂಬುವುದನ್ನು ಬಿಟ್ಟರು. ಕಣ್ಣು ನಂಬುವುದನ್ನು ಬಿಟ್ಟರು. ಛಾವಣಿ ಮೇಲಿನ ಸ್ಪೀಕರೊಂದನ್ನೇ ನಂಬಿ ಕೂತರು.

"ಸೈರನ್ ಸತ್ತಿದೆ ದೊಡ್ಡಮ್ಮ. ಹತ್ತೊಂಬತ್ತು ದಿನ ಆಯ್ತು."

"ಓಹೋ. ತಿಥಿನೂ ಮುಗೀತಾ?" ಅಂದಳು ಒಬ್ಬಳು. ನಾಲ್ಕೈದು ಜನ ನಕ್ಕರು, ನಗುತ್ತ ಕೆಮ್ಮಿದರು.

"ಯಾರು ಕೊಂದರಂತೆ?"

"ನಾನಂತೆ," ಅಂದಳು ಅಕ್ಕ. ತಲೆ ಎತ್ತಲಿಲ್ಲ. "ಆರ್‌ಸಿ ಅಂತ ನನ್ನ ಸಹಿ ಇದೆಯಂತೆ. ಹೋಗೋ, ನೀನೂ ಅವರ ಕಡೆ ಸೇರ್ಕೋಬೇಡ. ನನ್ನ ಹೊರಗೆ ಕರ್ಕೊಂಡು ಹೋಗಕ್ಕೆ ಈ ನಾಟಕ ಆಡ್ತಿದ್ದೀಯ ಅಂತ ಇವರೆಲ್ಲ ಅಂದ್ಕೊಳ್ತಾರೆ."

ಅಂದುಕೊಂಡೂ ಇದ್ದರು, ಮುಖದಲ್ಲಿ ಕಾಣುತ್ತಿತ್ತು. ತಮ್ಮ ಬಂದಿದ್ದಾನೆ ಅಕ್ಕನ ಮಾನ ಉಳಿಸಲು. ಎಳೆದುಕೊಂಡು ಹೋಗೋಣ ಅಂದರೆ ಒಬ್ಬಳನ್ನು ಎಳೆಯಬಹುದು, ಉಳಿದ ಹನ್ನೊಂದು ಜನ? ಹಿಮ ಇಲ್ಲದ ಆ ಜಾಯಿಂಟಿನಿಂದ ಸೀಟಿಯಂಥ ಒಂದು ಸಣ್ಣ ಸದ್ದು ಶುರುವಾಗಿತ್ತು. ಪೈಪಿನ ಮಾತು ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆ ಸದ್ದು ಹೆಚ್ಚು ಹೊತ್ತು ಸಣ್ಣದಾಗಿ ಇರುವುದಿಲ್ಲ.

ಗ್ಯಾಸಿಗಿಂತ ಹೆಚ್ಚಾಗಿ ಅವನಿಗೆ ಹೆದರಿಕೆಯಾದದ್ದು ಮುಂದೆ ಆಡಬೇಕಾದ ಮಾತಿಗೆ.

"ಅಕ್ಕ ಅಲ್ಲ," ಅಂದ. "ನಾನು. ಸೈರನ್ ಕಿತ್ತವನು ನಾನು. ಹಾಡು ತೆಗಿ ಅಂದ್ರು, ತೆಗೆದೆ. ಅದರ ಜೊತೆ ಇದೂ ಹೋಗುತ್ತೆ ಅಂತ ಕಂಪ್ಯೂಟರು ಬರೆದಿತ್ತು. ನಂಗೆ ಓದಕ್ಕೆ ಆಗಲಿಲ್ಲ. ಓದಕ್ಕೆ ಬರಲ್ಲ ಅಂತ ತೋರಿಸ್ಕೋಬಾರದು ಅಂತ ಹೂಂ ಅಂದೆ. ನಾನೇ ದೊಡ್ಡಮ್ಮ. ನನ್ನ ಕೈಯಾರೆ. ಈ ರೂಮಲ್ಲಿ ಈಗ ಕೂಗಬೇಕಾದ್ದಕ್ಕಿಂತ ಹತ್ರ ಹತ್ರ ಎರಡು ಪಟ್ಟು ಗ್ಯಾಸ್ ಇದೆ, ಕೂಗೋರು ಯಾರೂ ಇಲ್ಲ!"

ಯಾರೂ ನಗಲಿಲ್ಲ.

ದೊಡ್ಡಮ್ಮ ಅವನ ಮುಖವನ್ನೇ ನೋಡಿದಳು. ಯಾವ ಗಂಡಸೂ ತಮಾಷೆಗೆ ಹೇಳಿಕೊಳ್ಳುವ ಮಾತಲ್ಲ ಅದು ಅಂತ ಅನಿಸಿರಬೇಕು. ಕೈಯಲ್ಲಿದ್ದ ಪೆಟ್ಟಿಗೆಯನ್ನು ನೆಲಕ್ಕೆ ಬಿಟ್ಟಳು. "ಏಳ್ರೇ," ಅಂದಳು. "ಏಳ್ರೇ ಏಳಿ, ಚಪ್ಪಲಿ ಹುಡುಕ್ಬೇಡಿ!"

ಬಾಗಿಲಲ್ಲಿ ನೂಕುನುಗ್ಗಲಾಯಿತು. ಯಾರೋ ಜಾರಿ ಬಿದ್ದಳು, ಇಬ್ಬರು ಎತ್ತಿ ನಿಲ್ಲಿಸಿದರು. ಎಣಿಸುತ್ತ ನಿಂತ ಸ್ಪ್ಯಾನರ್. ಒಂಬತ್ತು, ಹತ್ತು, ಹನ್ನೊಂದು. ಅಕ್ಕ ಇನ್ನೂ ಮೇಜಿನ ಆ ತುದಿಯಲ್ಲೇ, ಅಂಟು ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು, ಅವನನ್ನೇ ನೋಡುತ್ತ ನಿಂತಿದ್ದಳು.

"ಅಕ್ಕಾ!"

ಆಗ ಜಾಯಿಂಟು ಬಿಟ್ಟಿತು. ಬಿಳಿ ಹೊಗೆ ಬುಸ್ಸನೆ ಹೊರಟು ಅವಳ ಸೊಂಟದವರೆಗೆ ಏರಿತು. ಸ್ಪ್ಯಾನರ್ ಉಸಿರು ಕಟ್ಟಿ ನುಗ್ಗಿದ. ಕಣ್ಣು ಮುಚ್ಚಿಯೇ ಹೋಗಿ, ಕೈಗೆ ಸಿಕ್ಕ ಏಪ್ರನ್ನು ಹಿಡಿದು ಎಳೆದ. ಅದು ಅಕ್ಕನದೇ ಆಗಿತ್ತು. ಬಾಗಿಲು ದಾಟಿ, ಹಿಂದಿನಿಂದ ಅದನ್ನು ಒದ್ದು ಮುಚ್ಚಿ, ಓಣಿಯ ಕೊನೆಯ ಗ್ಯಾಸಿನ ವಾಲ್ವನ್ನು ಇಡೀ ಮೈಭಾರ ಹಾಕಿ ತಿರುಗಿಸಿದ ಮೇಲೆಯೇ ಉಸಿರು ಬಿಟ್ಟದ್ದು. ಬಿಟ್ಟವನು ಅಲ್ಲೇ ವಾಂತಿ ಮಾಡಿಕೊಂಡ.

ಅಂಗಳದ ನಲ್ಲಿಯ ಕೆಳಗೆ ಹನ್ನೆರಡೂ ಜನ ಸಾಲಾಗಿ ಕಣ್ಣು ತೊಳೆದುಕೊಂಡರು. ದೊಡ್ಡಮ್ಮನ ಕೆಮ್ಮು ನಿಲ್ಲಲಿಲ್ಲ. ಅಕ್ಕನ ಕಣ್ಣು ಕೆಂಡವಾಗಿದ್ದವು, ಆದರೆ ಕಾಣುತ್ತಿದ್ದವು. ಸ್ಪ್ಯಾನರ್ ಎರಡು ಬೆರಳು ತೋರಿಸಿ ಎಷ್ಟು ಅಂತ ಕೇಳಿದ್ದಕ್ಕೆ, "ನಿನ್ನ ತಲೆ," ಅಂದಳು.

ಮ್ಯಾನೇಜರ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. ಸ್ಪ್ಯಾನರ್ ಒಳಗೆ ಹೇಳಿದ್ದು ಹೆಂಗಸರ ಬಾಯಿಂದ ಅವನ ಕಿವಿಗೂ ಬಿದ್ದಿತ್ತು. ಸುತ್ತ ನೋಡಿ ಸ್ಪ್ಯಾನರನ್ನು ಗೋಡೆಯ ಪಕ್ಕಕ್ಕೆ ಕರೆದ. ಅವನ ದನಿ ಈಗ ಜೇನಿನಂತಿತ್ತು.

"ನೋಡಪ್ಪ, ಯಾರಿಗೂ ಏನೂ ಆಗಿಲ್ಲ. ಈಗ ಹೋಗಿ ಆ ಅಲಾರಂ ವಾಪಸ್ ಹಾಕು. ಪಟ್ಟಿಯಲ್ಲಿ ಎಲ್ಲಾ ಐ ಐ ಬರಲಿ. ಹತ್ತೊಂಬತ್ತು ದಿನ ಆಯ್ತು ಅಂದ್ಯಂತಲ್ಲ, ಅದೆಲ್ಲಿ ಬರೆದಿದೆಯೋ ಅದನ್ನ ಅಳಿಸು. ನಿಂಗೂ ಒಳ್ಳೇದು. ಲಾಗಿನ್ ನಿಂದು ತಾನೇ?"

ಅದು ನಿಜ. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಯಿತು. ಆ ಫೈಲಿನಲ್ಲಿ ಅವನ ಹೆಸರಿದೆ, ಮ್ಯಾನೇಜರಿನದಿಲ್ಲ. ಜೈಲು ಅನ್ನುವ ಪದ ಅವನ ತಲೆಯಲ್ಲಿ ಆಗಲೇ ಗೂಡು ಕಟ್ಟಿತ್ತು. ನಾಲ್ಕಕ್ಷರದ ಒಂದು ಕಮಾಂಡು, ಒಂದು ಗುಂಡಿ, ಮುಗಿಯಿತು. ಹನ್ನೆರಡು ಹೆಂಗಸರ ಮಾತನ್ನು ಯಾರು ಕೇಳುತ್ತಾರೆ?

"ಹಾಕ್ತೀನಿ ಸಾರ್," ಅಂದ. "ಇನ್‌ಸ್ಪೆಕ್ಟರ್ ನೋಡಿದ ಮೇಲೆ ಹಾಕ್ತೀನಿ. ಅಳಿಸಲ್ಲ."

"ಹುಚ್ಚಾ? ಮೊದಲು ಒಳಗೆ ಹೋಗೋನು ನೀನು!"

"ಗೊತ್ತು ಸಾರ್. ಹೋಗೋದಾದ್ರೆ ಇಬ್ಬರೂ ಹೋಗಣ. ಹಾಡು ಕೀಳು ಅಂದೋರು ಯಾರು, ಬೋರ್ಡು ಹಾಕಿಸಿದೋರು ಯಾರು, ಅದನ್ನೂ ಹೇಳ್ತೀನಿ."

ಮ್ಯಾನೇಜರಿನ ಮುಖದ ಜೇನು ಒಣಗಿತು. ಅವನು ಕಂಟ್ರೋಲ್ ರೂಮಿನ ಕಡೆ ನೋಡಿದ, ತಾನೇ ಹೋಗಿ ಅಳಿಸಬಹುದೇ ಅಂತ ಲೆಕ್ಕ ಹಾಕುವವನಂತೆ. ದೊಡ್ಡಮ್ಮ ಕೆಮ್ಮುತ್ತಲೇ ಎದ್ದು ಹೋಗಿ ಅಲ್ಲಿಗೆ ಹತ್ತುವ ಮೆಟ್ಟಿಲಿನ ಮೇಲೆ ಕೂತಳು. ಅವಳ ಹಿಂದೆ ಇನ್ನಿಬ್ಬರು. ಹೆಂಗಸರು ಕೂತರು, ಅಷ್ಟೇ. ದಾಟಲು ಜಾಗ ಇರಲಿಲ್ಲ.

ಅಕ್ಕ ಒದ್ದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ತಮ್ಮನ ಪಕ್ಕ ನಿಂತಳು. ಬೆರಳಿಗೆ ಸುತ್ತಿದ್ದ ಅಂಟು ಪಟ್ಟಿ ಬಿಚ್ಚಿದಳು.

"ಓದು ಅಂತ ನನ್ನ ಕರೆದಿದ್ರೆ ಓದ್ತಿದ್ನಲ್ಲೋ," ಅಂದಳು. "ಎರಡು ಹೆಜ್ಜೆ ಆಚೆ ಕೂತಿದ್ದೆ ಅವತ್ತು."

ಅವಳ ಕೋಪವೆಲ್ಲ ಬಾಯಿಯವರೆಗೆ ಬಂದು ನೀರಾಗಿತ್ತು. ಗೇಟಿನ ಹತ್ತಿರ ಇನ್‌ಸ್ಪೆಕ್ಟರರ ಕಾರು ನಿಂತಿತು, ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಸ್ಪ್ಯಾನರ್ ಒಂದು ಕ್ಷಣ ಗೋಡೆ ಹಿಡಿದುಕೊಂಡ, ಆಮೇಲೆ ಗೋಡೆ ಬಿಟ್ಟು ಗೇಟಿನ ಕಡೆ ನಡೆದ.